ಪರದೆಯಲ್ಲೂ ಪದ್ಯ, ಬಾಯಲ್ಲೂ ಅದೇ ಪದ್ಯ: ಪಿಪಿಟಿ ಎಲ್ಲಿ ಸೋಲುತ್ತದೆ

ಅಡಿಕೆಯ ಎಲೆಚುಕ್ಕಿ ರೋಗದ ತರಬೇತಿ ಇರಲಿ, ಸೊಸೈಟಿಯ ವಾರ್ಷಿಕ ಸಭೆ ಇರಲಿ, ದೋಣಿಯವರಿಗೆ ಸುರಕ್ಷತೆಯ ಮಾಹಿತಿ ಇರಲಿ, ಹೈಸ್ಕೂಲಿನ ವಿಜ್ಞಾನದ ಪಾಠವೇ ಇರಲಿ, ಶಿರಸಿಯಿಂದ ಕಾರವಾರದವರೆಗೆ ಈಗ ಮೊದಲು ಏಳುವ ಪ್ರಶ್ನೆ ‘ಪ್ರೊಜೆಕ್ಟರ್ ಉಂಟಾ?’ ಎಂಬುದು. ಪರದೆ ಇಳಿಯುತ್ತದೆ, ದೀಪ ಆರುತ್ತದೆ, ಒಂದಾದ ಮೇಲೊಂದು ಸ್ಲೈಡ್ ಸರಿಯುತ್ತದೆ. ಮುಗಿದ ಮೇಲೆ ಚಾ ಕುಡಿಯುವಾಗ ಕೇಳಿದರೆ ‘ಚೊಲೋ ಇತ್ತು’ ಎನ್ನುವವರು ಬೇಕಾದಷ್ಟು ಸಿಗುತ್ತಾರೆ. ಏನು ಹೇಳಿದರು ಎಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಹೀಗಾಗುವುದಕ್ಕೆ ಕಾರಣಗಳಿವೆ. ಕೆಲವು ನಮ್ಮ ಮಿದುಳಿನವು, ಕೆಲವು ಆ ಸಾಧನದವು, ಕೆಲವು ಕನ್ನಡ ಲಿಪಿಯವು, ಒಂದೆರಡು ನಮ್ಮ ಮಳೆಗಾಲದವು.

ಪಿಪಿಟಿ ಎಲ್ಲಿಂದ ಬಂತು

ಪವರ್‌ಪಾಯಿಂಟ್ 1987ರಲ್ಲಿ ಹೊರಬಂತು. ಅಮೆರಿಕದ ಫೋರ್‌ಥಾಟ್ ಎಂಬ ಸಣ್ಣ ಕಂಪನಿಯಲ್ಲಿ ರಾಬರ್ಟ್ ಗ್ಯಾಸ್ಕಿನ್ಸ್ ಮತ್ತು ಡೆನಿಸ್ ಆಸ್ಟಿನ್ ಇದನ್ನು ಮ್ಯಾಕಿಂಟಾಶ್ ಕಂಪ್ಯೂಟರಿಗಾಗಿ ರೂಪಿಸಿದ್ದರು. ಅದೇ ವರ್ಷ ಮೈಕ್ರೋಸಾಫ್ಟ್ ಆ ಕಂಪನಿಯನ್ನು 1.4 ಕೋಟಿ ಡಾಲರಿಗೆ ಕೊಂಡಿತು. ಫೈಲಿನ ಹೆಸರಿನ ಬಾಲಕ್ಕಿದ್ದ ಮೂರು ಅಕ್ಷರಗಳೇ ‘ಪಿಪಿಟಿ’ ಆಗಿ ನಮ್ಮ ಮಾತಿಗೆ ಬಂದವು. ಈಗ ಬೇರೆ ಯಾವ ತಂತ್ರಾಂಶದಲ್ಲಿ ಮಾಡಿದರೂ ಜನ ಅದನ್ನು ಪಿಪಿಟಿ ಎಂದೇ ಕರೆಯುತ್ತಾರೆ.

ಮೊದಲಿಗೆ ಅದರ ಕೆಲಸ ಚಿಕ್ಕದಿತ್ತು. ಕಂಪನಿಯ ಸಭೆಗಳಲ್ಲಿ ದೀಪದ ಪೆಟ್ಟಿಗೆಯ ಮೇಲಿಟ್ಟು ಗೋಡೆಗೆ ಬಿಡುವ ಪಾರದರ್ಶಕ ಹಾಳೆಗಳನ್ನು ಸಿದ್ಧಮಾಡಿಕೊಟ್ಟರೆ ಮುಗಿಯಿತು. ಪಾಠ ಹೇಳುವುದಕ್ಕಾಗಲಿ ವರದಿ ಬರೆಯುವುದಕ್ಕಾಗಲಿ ಹುಟ್ಟಿದ್ದಲ್ಲ. ಇಂದು ಒಂದೇ ಫೈಲು ಮೂರು ಕೆಲಸ ಹೊತ್ತಿದೆ: ಮಾತನಾಡುವವರಿಗೆ ಮರೆಯದಿರಲು ಚೀಟಿ, ಕೂತವರಿಗೆ ನೋಡಲು ಚಿತ್ರ, ಸಭೆಯ ನಂತರ ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ದಾಖಲೆ. ಚೀಟಿಗೆ ಚುಟುಕು ಸಾಕು, ಚಿತ್ರಕ್ಕೆ ಅಕ್ಷರವೇ ಬೇಡ, ದಾಖಲೆಗೆ ಪೂರ್ಣ ವಾಕ್ಯ ಬೇಕು. ಮೂರನ್ನೂ ಒಂದೇ ಹಾಳೆಯಲ್ಲಿ ಬೇಯಿಸಹೊರಟಾಗ ಒಂದು ಹಸಿ, ಒಂದು ಸೀದು. ಮುಂದೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹೊರಡುತ್ತವೆ.

ಓದುವುದೋ, ಕೇಳುವುದೋ

ತಾಳಮದ್ದಲೆ ನೋಡಿದವರಿಗೆ ಇದು ತಕ್ಷಣ ತಿಳಿಯುತ್ತದೆ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಅದನ್ನು ಬಿಡಿಸುತ್ತಾರೆ. ಅರ್ಥಧಾರಿ ಎದ್ದು ಭಾಗವತರು ಹಾಡಿದ ಪದ್ಯವನ್ನೇ ಇನ್ನೊಮ್ಮೆ ಓದಿ ಕೂತರೆ ಸಭೆ ಉಳಿಯುತ್ತದೆಯೇ? ಸ್ಲೈಡ್ ಓದಿ ಹೇಳುವ ಭಾಷಣದಲ್ಲಿ ನಡೆಯುವುದು ಅದೇ. ತಾಳಮದ್ದಲೆಯಲ್ಲಾದರೂ ಪದ್ಯ ಮುಗಿದ ಮೇಲೆ ಅರ್ಥ ಶುರು. ಇಲ್ಲಿ ಎರಡೂ ಒಟ್ಟಿಗೆ ನಡೆಯುತ್ತವೆ, ಇನ್ನೂ ಕಷ್ಟ.

ಮನಸ್ಸಿನಲ್ಲೇ ಓದುವಾಗಲೂ ಒಳಗೊಂದು ದನಿ ಆ ಪದಗಳನ್ನು ಉಚ್ಚರಿಸುತ್ತಿರುತ್ತದೆ. ಕಿವಿಯಿಂದ ಬಂದ ಮಾತು, ಕಣ್ಣಿನಿಂದ ಬಂದ ಬರಹ ಎರಡೂ ಮಿದುಳಿನಲ್ಲಿ ಒಂದೇ ಕಿರುದಾರಿಯಲ್ಲಿ ಸಾಗಬೇಕು. ದೇವಿಮನೆ ಘಾಟಿಯ ತಿರುವಿನಲ್ಲಿ ಎರಡು ಲಾರಿ ಎದುರುಬದುರಾದ ಹಾಗೆ, ಒಂದು ನಿಂತರೆ ಮಾತ್ರ ಇನ್ನೊಂದು ಮುಂದೆ. ಮೌನವಾಗಿ ಓದುವ ವೇಗ ಮಾತಿಗಿಂತ ಹೆಚ್ಚು. ಹಾಗಾಗಿ ಕೂತವರು ಸ್ಲೈಡನ್ನು ಮೊದಲೇ ಓದಿ ಮುಗಿಸಿ, ಮಾತನಾಡುವವರು ಮೂರನೇ ಸಾಲಿಗೆ ಬರುವಷ್ಟರಲ್ಲಿ ಮೊಬೈಲ್ ತೆಗೆದಿರುತ್ತಾರೆ.

ಚಿತ್ರದ ದಾರಿ ಬೇರೆ. ಚಿತ್ರ ನೋಡುತ್ತ ವಿವರಣೆ ಕೇಳಿದರೆ ಒಂದು ಇನ್ನೊಂದಕ್ಕೆ ಅಡ್ಡಬರುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಮೇಯರ್ ಈ ವಿಷಯದಲ್ಲಿ ಹಲವು ಪ್ರಯೋಗ ನಡೆಸಿದ್ದಾರೆ. ಚಿತ್ರ ಮತ್ತು ಮಾತು ಸಿಕ್ಕವರು, ಚಿತ್ರ, ಮಾತು ಮತ್ತು ಅದೇ ಮಾತಿನ ಬರಹ ಮೂರೂ ಸಿಕ್ಕವರಿಗಿಂತ ಚೆನ್ನಾಗಿ ಕಲಿಯುತ್ತಾರೆ ಎಂಬುದು ಅವುಗಳಲ್ಲಿ ಕಂಡ ಫಲ. ಬರಹ ಸೇರಿಸಿದರೆ ಕಲಿಕೆ ಕಡಿಮೆಯಾಗುತ್ತದೆ ಎಂದರೆ ಮೊದಲಿಗೆ ನಂಬಿಕೆ ಬರುವುದಿಲ್ಲ, ಲಾರಿಗಳನ್ನು ನೆನೆಸಿಕೊಂಡರೆ ಬರುತ್ತದೆ.

ಇದಕ್ಕೆ ಅಪವಾದ ಉಂಟು. ಪದ ಹೊಸದಾಗಿದ್ದರೆ, ಕೇಳುವವರ ಮನೆಮಾತು ಬೇರೆಯಾಗಿದ್ದರೆ, ಕಿವಿ ಮಂದವಾಗಿದ್ದರೆ ಪರದೆಯ ಮೇಲಿನ ಒಂದೆರಡು ಪದ ಊರುಗೋಲಾಗುತ್ತದೆ. ಮನೆಯಲ್ಲಿ ಕೊಂಕಣಿ ಆಡಿ ಶಾಲೆಯಲ್ಲಿ ಕನ್ನಡದಲ್ಲಿ ಕಲಿಯುವ ಕಾರವಾರದ ಮಕ್ಕಳಿಗೆ ‘ದ್ಯುತಿಸಂಶ್ಲೇಷಣೆ’ ಎಂಬ ಪದವನ್ನು ಬರೆದೇ ತೋರಿಸಬೇಕು. ಅದರ ವಿವರಣೆಯ ಆರು ಸಾಲನ್ನು ತೋರಿಸಬೇಕಿಲ್ಲ.

ಇನ್ನೊಂದು ಮಿತಿ ನೆನಪಿನದು. ಆ ಕ್ಷಣಕ್ಕೆ ಮನಸ್ಸಿನಲ್ಲಿ ಹಿಡಿದಿಟ್ಟು ತಿರುಗಿಸಿ ನೋಡಬಲ್ಲ ವಿಷಯಗಳ ಸಂಖ್ಯೆ ಬಹಳ ಚಿಕ್ಕದು. ಜಾರ್ಜ್ ಮಿಲ್ಲರ್ 1956ರಲ್ಲಿ ಅದನ್ನು ಏಳರ ಆಸುಪಾಸು ಎಂದಿದ್ದರು, ನೆಲ್ಸನ್ ಕೋವನ್ 2001ರಲ್ಲಿ ನಾಲ್ಕರ ಸುಮಾರಿಗೆ ಇಳಿಸಿದರು. ಎರಡು ಕೈಯಲ್ಲಿ ನಾಲ್ಕು ತೆಂಗಿನಕಾಯಿ ಹಿಡಿದವನಿಗೆ ಐದನೆಯದನ್ನು ಕೊಟ್ಟರೆ ಮೊದಲಿನದೊಂದು ಬೀಳುತ್ತದೆ. ಒಂದೇ ಸ್ಲೈಡಿನಲ್ಲಿ ಎಂಟು ಪಾಯಿಂಟ್ ಇಟ್ಟರೆ ಆಗುವುದೂ ಇಷ್ಟೇ.

ಮೈಲುತುತ್ತು, ಸುಣ್ಣ, ನೀರು

ವಾಕ್ಯವನ್ನು ತುಂಡರಿಸಿ ಪಾಯಿಂಟ್ ಮಾಡಿದಾಗ ಕಳೆದುಹೋಗುವುದೇನು? ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ, ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ಬೋರ್ಡೋ ದ್ರಾವಣದ ಉದಾಹರಣೆ ನೋಡೋಣ. ತರಬೇತಿಯ ಸ್ಲೈಡಿನಲ್ಲಿ ಅದು ಸಾಮಾನ್ಯವಾಗಿ ಹೀಗಿರುತ್ತದೆ:

• ಮೈಲುತುತ್ತು – 1 ಕೆ.ಜಿ.
• ಸುಣ್ಣ – 1 ಕೆ.ಜಿ.
• ನೀರು – 100 ಲೀಟರ್
• ಮಿಶ್ರಣ, ಪರೀಕ್ಷೆ, ಸಿಂಪಡಣೆ

ಇದರಲ್ಲಿ ಒಂದಕ್ಷರ ತಪ್ಪಿಲ್ಲ. ಆದರೆ ಇದನ್ನು ನೋಡಿ ಯಾರೂ ದ್ರಾವಣ ಮಾಡಲಾರರು. ಮಾಡುವ ಕ್ರಮವನ್ನು ವಾಕ್ಯದಲ್ಲಿ ಬರೆದರೆ ಹೀಗಾಗುತ್ತದೆ: ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50 ಲೀಟರ್ ನೀರು ತೆಗೆದುಕೊಂಡು 1 ಕೆ.ಜಿ. ಮೈಲುತುತ್ತನ್ನು ಪೂರ್ತಿ ಕರಗಿಸಬೇಕು. ಇನ್ನೊಂದರಲ್ಲಿ 1 ಕೆ.ಜಿ. ಸುಣ್ಣವನ್ನು ಸ್ವಲ್ಪ ನೀರಿನಲ್ಲಿ ಅರಳಿಸಿ, ಸೋಸಿ, 50 ಲೀಟರ್ ಮಾಡಬೇಕು. ಎರಡೂ ತಣ್ಣಗಾದ ಮೇಲೆ ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ, ಕೋಲಿನಿಂದ ತಿರುವುತ್ತಲೇ ಇರಬೇಕು. ಬಣ್ಣ ಆಕಾಶನೀಲಿಗೆ ಬಂದ ಮೇಲೆ ತಿಕ್ಕಿ ಹೊಳಪಾಗಿಸಿದ ಕಬ್ಬಿಣದ ಚೂರಿಯನ್ನು ಒಂದು ನಿಮಿಷ ಅದ್ದಿ ನೋಡಬೇಕು. ಚೂರಿಯ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ, ಕೆಂಪು ಕೂರುವುದು ನಿಲ್ಲುವವರೆಗೆ ಸುಣ್ಣದ ನೀರು ಸೇರಿಸಬೇಕು. ಮಾಡಿದ ದಿನವೇ ಹೊಡೆದು ಮುಗಿಸಬೇಕು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪಾಯಿಂಟಿನಲ್ಲಿ ನಾಮಪದ ಮತ್ತು ಅಂಕಿ ಉಳಿದಿವೆ, ಕ್ರಿಯಾಪದಗಳು ಹೋಗಿವೆ. ಕನ್ನಡದಲ್ಲಿ ಮೊದಲು ಯಾವುದು, ನಂತರ ಯಾವುದು, ಯಾವಾಗ, ಇಲ್ಲದಿದ್ದರೆ ಏನು ಎಂಬುದೆಲ್ಲ ಕ್ರಿಯಾಪದದ ಬಾಲದಲ್ಲಿರುತ್ತದೆ: ಕರಗಿಸಿ, ಆದ ಮೇಲೆ, ಸುರಿಯುತ್ತ, ಕೂತರೆ, ನಿಲ್ಲುವವರೆಗೆ. ಬಾಲ ಕತ್ತರಿಸಿದರೆ ಕ್ರಮವೂ ಷರತ್ತೂ ಜತೆಗೇ ಹೋಗುತ್ತವೆ. ತೋಟದಲ್ಲಿ ಎಡವಟ್ಟಾಗುವುದು ಸರಿಯಾಗಿ ಅಲ್ಲೇ. ಸುಣ್ಣವನ್ನು ಮೈಲುತುತ್ತಿಗೆ ಸುರಿದರೆ ಅಥವಾ ಎರಡನ್ನೂ ಗಟ್ಟಿಯಾಗಿ ಬೆರೆಸಿ ಆಮೇಲೆ ನೀರು ಹಾಕಿದರೆ ಕಣಗಳು ದಪ್ಪವಾಗಿ ತಳಕ್ಕೆ ಕೂರುತ್ತವೆ, ನಾಜಲ್ ಕಟ್ಟುತ್ತದೆ, ಗೊನೆಗೆ ಅಂಟಿದ್ದೂ ಬೇಗ ತೊಳೆದುಹೋಗುತ್ತದೆ. ಸುಣ್ಣ ಕಡಿಮೆಯಾದರೆ ದ್ರಾವಣ ಹುಳಿಯಾಗಿ ಎಳೆಯ ಕಾಯಿ ಸುಡುತ್ತದೆ. ಕಬ್ಬಿಣದ ಪಾತ್ರೆ ಬಳಸಿದರೆ ಚೂರಿಯ ಮೇಲೆ ಕೂರುವ ತಾಮ್ರ ಪಾತ್ರೆಯ ಮೇಲೆಯೇ ಕೂರುತ್ತದೆ. ‘ಮಿಶ್ರಣ’ ಎಂಬ ಒಂದು ಪದದೊಳಗೆ ಇಷ್ಟೂ ಅಡಗಿ ಕುಳಿತಿದೆ.

ಮಾತನಾಡುವವರು ಇದನ್ನೆಲ್ಲ ಬಾಯಲ್ಲಿ ಹೇಳಿಯಾರು. ಆದರೆ ಜನ ಫೋಟೊ ಹೊಡೆದುಕೊಳ್ಳುವುದು ಸ್ಲೈಡಿನದು. ಜೂನ್ ಮೊದಲ ವಾರ ಕೊನೆಗೌಡ ಮರ ಹತ್ತಲು ಬಂದು ನಿಂತಾಗ ಮೊಬೈಲಿನಲ್ಲಿ ಸಿಗುವುದು ಆ ನಾಲ್ಕು ಸಾಲು. ಮೊದಲ ಸಿಂಪಡಣೆಯಾಗಿ 40-45 ದಿನಕ್ಕೆ ಎರಡನೆಯದು ಬೇಕು ಎಂಬ ಮಾತು ಸ್ಲೈಡಿನಲ್ಲಿ ಇರದಿದ್ದರೆ ಅದು ಸಭೆಯ ಚಾ ಲೋಟದ ಜತೆಗೇ ಹೋಯಿತು.

ನಿಂಬೆಹಣ್ಣು ಮತ್ತು ಎರಡು ಕೊಡ

ಹೀಗೆ ತುಂಡರಿಸಿದ್ದು ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ಲೋಕಪ್ರಸಿದ್ಧ ಉದಾಹರಣೆ ಕೊಲಂಬಿಯಾ ಬಾಹ್ಯಾಕಾಶ ನೌಕೆಯದು, ಕಲ್ಪನಾ ಚಾವ್ಲಾ ಇದ್ದ ನೌಕೆ. 2003ರ ಜನವರಿ 16ರಂದು ಅದು ಹಾರಿ ಸುಮಾರು 82 ಸೆಕೆಂಡಿಗೆ ಇಂಧನ ಟ್ಯಾಂಕಿನ ಹೊರಗಿನ ಫೋಮ್ ತುಂಡೊಂದು ಕಳಚಿ ಎಡರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಮೇಲಿರುವಾಗಲೇ, ಪೆಟ್ಟು ಎಷ್ಟು ಅಪಾಯದ್ದು ಎಂದು ಎಂಜಿನಿಯರುಗಳು ನಾಸಾದ ಅಧಿಕಾರಿಗಳಿಗೆ ಸ್ಲೈಡುಗಳಲ್ಲಿ ತಿಳಿಸಿದರು.

ಅದರಲ್ಲೊಂದು ಸ್ಲೈಡಿನ ತಲೆಬರಹ ನೆಮ್ಮದಿ ಕೊಡುವಂತಿತ್ತು, ಹಳೆಯ ಪರೀಕ್ಷೆಗಳ ಲೆಕ್ಕ ಸುರಕ್ಷತೆಯ ಕಡೆಗೇ ವಾಲಿದೆ ಎಂಬ ಧಾಟಿ. ಅದರ ಕೆಳಗೆ ಪಾಯಿಂಟ್, ಪಾಯಿಂಟಿನೊಳಗೆ ಉಪಪಾಯಿಂಟ್, ಅದರೊಳಗೆ ಮತ್ತೊಂದು. ತೀರ ತಳದ ಸಾಲಿನಲ್ಲಿ ಒಂದು ಹೋಲಿಕೆ: ಪರೀಕ್ಷೆಯಲ್ಲಿ ಬಳಸಿದ ತುಂಡು 3 ಘನ ಇಂಚು, ಈಗ ಬಡಿದದ್ದು 1,920 ಘನ ಇಂಚು. ನಮ್ಮ ಅಳತೆಯಲ್ಲಿ ಹೇಳುವುದಾದರೆ ಪರೀಕ್ಷೆಯದು ಒಂದು ನಿಂಬೆಹಣ್ಣು, ಬಡಿದದ್ದು ಎರಡು ಕೊಡ ನೀರಿನಷ್ಟು ಗಾತ್ರ. 640 ಪಟ್ಟು. ಅಂದರೆ ಆ ಪರೀಕ್ಷೆಗಳಿಂದ ಈ ಪೆಟ್ಟಿನ ಬಗ್ಗೆ ಏನನ್ನೂ ಹೇಳಲಾಗದು ಎಂಬುದೇ ತಲೆಬರಹ ಆಗಬೇಕಿತ್ತು. ಫೆಬ್ರುವರಿ 1ರಂದು ಮರಳುವಾಗ ನೌಕೆ ಒಡೆದು ಏಳೂ ಮಂದಿ ತೀರಿಕೊಂಡರು.

ಸ್ಲೈಡಿನಿಂದಲೇ ಅಪಘಾತವಾಯಿತು ಎಂದು ಯಾರೂ ಹೇಳಿಲ್ಲ. ಆದರೆ ಅದೇ ವರ್ಷದ ಆಗಸ್ಟಿನಲ್ಲಿ ಬಂದ ತನಿಖಾ ಮಂಡಳಿಯ ವರದಿ, ತಾಂತ್ರಿಕ ವರದಿ ಬರೆಯಬೇಕಾದಲ್ಲಿ ಸ್ಲೈಡ್ ಬಳಸುವ ನಾಸಾದ ರೂಢಿಯನ್ನು ಬೇರೆಯಾಗಿಯೇ ಎತ್ತಿ ತೋರಿಸಿತು. ಈ ಸ್ಲೈಡನ್ನು ಸಾಲುಸಾಲಾಗಿ ಬಿಡಿಸಿ ನೋಡಿದವರು ಎಡ್ವರ್ಡ್ ಟಫ್ಟಿ, ಅಂಕಿಅಂಶಗಳನ್ನು ಚಿತ್ರವಾಗಿ ತೋರಿಸುವ ವಿದ್ಯೆಯ ಪಂಡಿತರು. ಅವರ ವಿಶ್ಲೇಷಣೆ ಆ ವರದಿಯಲ್ಲೇ ಸೇರಿದೆ. ಮರುವರ್ಷ, 2004ರಲ್ಲಿ, ಅಮೆಜಾನಿನ ಜೆಫ್ ಬೆಜೋಸ್ ತಮ್ಮ ಹಿರಿಯ ಅಧಿಕಾರಿಗಳ ಸಭೆಯಲ್ಲಿ ಪವರ್‌ಪಾಯಿಂಟ್ ನಿಲ್ಲಿಸಿ ಪೂರ್ಣ ವಾಕ್ಯಗಳ ಟಿಪ್ಪಣಿ ತರಲು ಹೇಳಿದರು. ಅದು ಹೆಚ್ಚೆಂದರೆ ಆರು ಪುಟ, ಸಭೆಯ ಆರಂಭದಲ್ಲಿ ಎಲ್ಲರೂ ಸುಮ್ಮನೆ ಕೂತು ಅದನ್ನು ಓದುತ್ತಾರೆ, ಆಮೇಲೆ ಚರ್ಚೆ.

ಕಪ್ಪುಹಲಗೆಯ ನಿಧಾನ

45 ನಿಮಿಷದ ಪೀರಿಯಡ್ಡಿನಲ್ಲಿ 40 ಸ್ಲೈಡ್ ಎಂದರೆ ಒಂದಕ್ಕೆ 67 ಸೆಕೆಂಡ್. ಮೂವತ್ತು ಪದದ ಸ್ಲೈಡನ್ನು ನೋಟ್ಸಿಗೆ ಇಳಿಸಲು ಎರಡು ನಿಮಿಷವಾದರೂ ಬೇಕು. ಮಕ್ಕಳು ಬರೆಯುತ್ತ ಕೂರುತ್ತಾರೆ, ಇಲ್ಲವೇ ‘ಸರ್, ಪಿಪಿಟಿ ಕಳಿಸಿ’ ಎಂದು ಪೆನ್ನು ಕೆಳಗಿಡುತ್ತಾರೆ. ಯಾವುದರಲ್ಲೂ ಯೋಚನೆಗೆ ಬಿಡುವಿಲ್ಲ.

ಕಪ್ಪುಹಲಗೆಯಲ್ಲಿ ಬರೆಯುವ ಕೈಯೇ ವೇಗಕ್ಕೆ ಕಡಿವಾಣ. ಭರತ-ಇಳಿತದ ಪಾಠ ತೆಗೆದುಕೊಳ್ಳಿ. ಟೀಚರ್ ಮೊದಲು ಭೂಮಿಯ ವೃತ್ತ ಬರೆಯುತ್ತಾರೆ, ಅದರ ಸುತ್ತ ನೀರಿನ ಉದ್ದನೆಯ ಮೊಟ್ಟೆ, ಒಂದು ಬದಿಗೆ ಚಂದ್ರ. ನೀರು ಎರಡೂ ಕಡೆ ಉಬ್ಬಿದ್ದರಿಂದ ತಿರುಗುವ ಭೂಮಿಯ ಮೇಲಿನ ನಮ್ಮೂರು ದಿನಕ್ಕೆರಡು ಸಲ ಉಬ್ಬಿನೊಳಗೆ ಹಾಯುತ್ತದೆ. ಅಷ್ಟರಲ್ಲಿ ಚಂದ್ರನೂ ಸ್ವಲ್ಪ ಮುಂದೆ ಹೋಗಿರುವುದರಿಂದ ನಾಳೆಯ ಭರತ ಇವತ್ತಿಗಿಂತ ಸುಮಾರು 50 ನಿಮಿಷ ತಡ. ಸೂರ್ಯನನ್ನು ಅದೇ ಗೆರೆಯಲ್ಲಿ ಬರೆದರೆ ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತ. ಚಂದ್ರನನ್ನು ಒರೆಸಿ ಅಡ್ಡಕ್ಕೆ ಬರೆದರೆ ಅಷ್ಟಮಿಯ ಸಣ್ಣ ಭರತ. ಅಘನಾಶಿನಿ ಹೊಳೆಯ, ಭರತದ ನೀರು ಹೊಕ್ಕುವ ಗಜನಿ ಗದ್ದೆಗಳ ಕಡೆಯ ಹುಡುಗನೊಬ್ಬ ‘ಚಂದ್ರ ಇಲ್ಲಿಗೆ ಬಂದ್ರೆ?’ ಎಂದು ಕೇಳಿದರೆ ಸೀಮೆಸುಣ್ಣ ಅಲ್ಲಿಗೇ ಹೋಗುತ್ತದೆ. ಸ್ಲೈಡಿನಲ್ಲಿ ಬಾಣ, ಬಣ್ಣ, ಹೆಸರು ಎಲ್ಲವೂ ಒಮ್ಮೆಲೇ ಎದುರಿಗೆ ನಿಲ್ಲುತ್ತವೆ. ಒಂದೊಂದಾಗಿ ಬರುವಂತೆ ಮಾಡಬಹುದು ನಿಜ, ಆದರೆ ಹುಡುಗನ ಪ್ರಶ್ನೆ ನಿನ್ನೆ ರಾತ್ರಿ ಮಾಡಿಟ್ಟ ಫೈಲಿನಲ್ಲಿ ಇರುವುದಿಲ್ಲ.

ಹಲಗೆಗೆ ಇನ್ನೊಂದು ಗುಣವಿದೆ. ಮೊದಲು ಬರೆದದ್ದು ಎಡಮೂಲೆಯಲ್ಲಿ ಉಳಿದಿರುತ್ತದೆ, ಪಾಠದ ಕೊನೆಯಲ್ಲಿ ಅತ್ತ ಬೊಟ್ಟು ಮಾಡಬಹುದು. ಹದಿನೇಳನೇ ಸ್ಲೈಡ್ ಬಂದಾಗ ನಾಲ್ಕನೆಯದು ಎಲ್ಲಿಯೂ ಇಲ್ಲ.

ಒತ್ತಕ್ಷರ ಮತ್ತು ಕೊನೆಯ ಬೆಂಚು

ಅಕ್ಷರದ ಗಾತ್ರಕ್ಕೆ ಒಂದು ಸುಲಭ ಲೆಕ್ಕವಿದೆ: ಆರಾಮವಾಗಿ ಓದಲು ಅಕ್ಷರದ ಎತ್ತರ ನೋಡುವ ದೂರದ ಇನ್ನೂರರಲ್ಲಿ ಒಂದು ಭಾಗವಾದರೂ ಇರಬೇಕು. ಕೊನೆಯ ಬೆಂಚು ಪರದೆಯಿಂದ 9 ಮೀಟರ್ ದೂರವಿದ್ದರೆ ಅಕ್ಷರ ಪರದೆಯ ಮೇಲೆ 4.5 ಸೆಂ.ಮೀ. ಎತ್ತರ ಬೇಕು. ಪರದೆಯ ಚಿತ್ರದ ಎತ್ತರ 1.5 ಮೀಟರ್ ಎಂದಿಟ್ಟುಕೊಂಡರೆ ಅದು ಸ್ಲೈಡಿನ ಎತ್ತರದ ಶೇ. 3. ಪವರ್‌ಪಾಯಿಂಟ್ ಸ್ಲೈಡಿನ ಎತ್ತರ 540 ಪಾಯಿಂಟ್ (ಇಲ್ಲಿ ಪಾಯಿಂಟ್ ಎಂದರೆ ಅಕ್ಷರದ ಗಾತ್ರ ಅಳೆಯುವ ಮಾನ), ಶೇ. 3 ಎಂದರೆ 16. ಫಾಂಟಿನ ಗಾತ್ರದಲ್ಲಿ ಅಕ್ಷರದ ಮೈ ಹೆಚ್ಚುಕಡಿಮೆ ಅರ್ಧ ಮಾತ್ರ, ಉಳಿದದ್ದು ಮೇಲಿನ ಗುಡಿಸು, ಕೆಳಗಿನ ಒತ್ತಿಗೆ. ಹಾಗಾಗಿ ಇಡಬೇಕಾದ ಗಾತ್ರ 32.

ಇಂಗ್ಲಿಷ್ ಬರಹಕ್ಕೆ ಇಷ್ಟು ಸಾಕು, ಕನ್ನಡಕ್ಕೆ ಇದು ಕನಿಷ್ಠ. ‘ಸೂಕ್ಷ್ಮ’, ‘ರಾಷ್ಟ್ರೀಯ’ ಎಂಬಲ್ಲಿ ಒತ್ತುಗಳು ಅಕ್ಷರದ ಅರ್ಧದಷ್ಟಿದ್ದು ಒಂದರ ಕೆಳಗೊಂದು ಇಳಿಯುತ್ತವೆ. ಸಾಲುಗಳ ನಡುವೆ ಜಾಗ ಕೊಡದಿದ್ದರೆ ಕೆಳಸಾಲಿನ ತಲೆಗಟ್ಟಿಗೆ ತಾಗುತ್ತವೆ. 32ರ ಗಾತ್ರ, ಒಂದೂವರೆ ಪಟ್ಟು ಸಾಲಿನಂತರ ಇಟ್ಟರೆ ತಲೆಬರಹ, ಅಂಚು ಕಳೆದು ಆರೇಳು ಸಾಲು ಸಿಗುತ್ತದೆ, ಸಾಲಿಗೆ ಸುಮಾರು ಐದು ಪದ. ಸ್ಲೈಡಿನಲ್ಲಿ ಮೂವತ್ತು ಪದ ದಾಟಿದೆ ಎಂದರೆ ಕೊನೆಯ ಬೆಂಚಿಗೆ ಅದು ಬರಹವಾಗಿ ಕಾಣುತ್ತಿಲ್ಲ. ಸಭೆಗೆ ಮೊದಲೇ ಪರೀಕ್ಷಿಸಲು 14 ಇಂಚಿನ ಲ್ಯಾಪ್‌ಟಾಪಿನಲ್ಲಿ ಸ್ಲೈಡನ್ನು ಪೂರ್ತಿ ಪರದೆಗೆ ತಂದು ಒಂದು ಮೀಟರ್ ದೂರ ನಿಂತು ಓದಿ ನೋಡಿ. ಈ ಅಳತೆಯ ಕೋಣೆಯಲ್ಲಿ ಕೊನೆಯ ಬೆಂಚಿನವರಿಗೆ ಕಾಣುವುದು ಅಷ್ಟೇ ದೊಡ್ಡದಾಗಿ.

ಪೆನ್‌ಡ್ರೈವಿನಲ್ಲಿ ತಂದ ಫೈಲು ಸಭಾಭವನದ ಕಂಪ್ಯೂಟರಿನಲ್ಲಿ ರೋಮನ್ ಅಕ್ಷರ, ಚಿಹ್ನೆಗಳ ಚಿತ್ರಾನ್ನವಾಗುವುದು ಕನ್ನಡದವರಿಗೆ ಚೆನ್ನಾಗಿ ಗೊತ್ತಿರುವ ಕಷ್ಟ. ನುಡಿ, ಬರಹದ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟು ಇಲ್ಲದ ಕಂಪ್ಯೂಟರ್ ಮನೆಯ ಮೂಲ ಒಡೆಯನನ್ನೇ ತೋರಿಸುತ್ತದೆ. ಯುನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಮನೆಗಳಿವೆ. ಟೈಪ್ ಮಾಡುವಾಗಲೇ ಯುನಿಕೋಡ್ ಬಳಸಿ, ಜತೆಗೊಂದು ಪಿಡಿಎಫ್ ಪ್ರತಿ ಇಟ್ಟುಕೊಂಡರೆ ಈ ಪೇಚು ತಪ್ಪುತ್ತದೆ.

ಬೆಳಕು, ಮಳೆ, ಕರೆಂಟು

ಪ್ರೊಜೆಕ್ಟರ್ ಕಪ್ಪನ್ನು ಬಿಡಲಾರದು, ಬೆಳಕನ್ನು ಮಾತ್ರ ಬಿಡಬಲ್ಲದು. ಪರದೆಯ ‘ಕಪ್ಪು’ ಎಂದರೆ ಕೋಣೆಯ ಬೆಳಕಿನಲ್ಲಿ ಆ ಬಟ್ಟೆ ಕಾಣುವಷ್ಟೇ ಕಪ್ಪು. ಕರಾವಳಿಯ ಏಪ್ರಿಲ್ ಬಿಸಿಲು ಕಿಟಕಿಯಿಂದ ಬಂದರೆ ರೋಗದ ಚುಕ್ಕೆಯ ಫೋಟೊ ಬೂದಿಯಾಗುತ್ತದೆ. ಕಿಟಕಿ ಮುಚ್ಚಿದರೆ ಸೆಖೆ, ಕತ್ತಲು, ಊಟದ ಮೇಲಿನ ನಿದ್ದೆ. ಮಾತನಾಡುವವರ ಮುಖವೂ ಕಾಣುವುದಿಲ್ಲ, ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ ಅರ್ಧ ಮಾತು ತಿಳಿಯುವುದೇ ತುಟಿ ನೋಡಿ. ಮಲೆನಾಡಿನಲ್ಲಿ ಆಷಾಢದ ಕರೆಂಟನ್ನು ನಂಬಿ 40 ಸ್ಲೈಡ್ ಮಾಡುವುದಂತೂ ಧೈರ್ಯದ ಕೆಲಸ. ದೀಪದ ಪ್ರೊಜೆಕ್ಟರಿನಲ್ಲಿ ಕರೆಂಟ್ ಹಠಾತ್ ಹೋದರೆ ಫ್ಯಾನೂ ನಿಂತು ಬಿಸಿ ದೀಪ ತಣಿಯದೆ ಅದರ ಆಯಸ್ಸು ಕಡಿಮೆಯಾಗುತ್ತದೆ, ಸಣ್ಣ ಯುಪಿಎಸ್ ಇದ್ದರೆ ಒಳ್ಳೆಯದು.

ಸ್ಲೈಡ್ ಬೇಕಾದಲ್ಲಿ

ಎಲೆಚುಕ್ಕಿಯ ಕಲೆ ಹೇಗಿರುತ್ತದೆ, ಬಿಸಿಲಿಗೆ ಸುಟ್ಟ ಸೋಗೆ ಹೇಗಿರುತ್ತದೆ ಎಂದು ಪಕ್ಕಪಕ್ಕ ತೋರಿಸಲು ಪರದೆಯ ಮೇಲಿನ ದೊಡ್ಡ ಫೋಟೊಗೆ ಸಮನಿಲ್ಲ. ನಕಾಶೆ, ವಿಡಿಯೊ, ಒಂದೇ ಗೆರೆಯ ಗ್ರಾಫು ಕೂಡ ಹಾಗೆಯೇ. ಒಂದು ತಾಸಿಗೆ ಅಂಥ ಎಂಟು-ಹತ್ತು ಚಿತ್ರ ಸಾಕು. ಮಾಡುವ ಕ್ರಮವನ್ನು ಕಾಗದಕ್ಕೆ ಬಿಡಬೇಕು: ಪೂರ್ಣ ವಾಕ್ಯದಲ್ಲಿ ಒಂದು ಹಾಳೆ, ಎರಡೂ ಬದಿ, ಮೊದಲೇ ಹಂಚಿ ಐದು ನಿಮಿಷ ಓದಲು ಬಿಟ್ಟು ಆಮೇಲೆ ಮಾತು. ಕೈಕೆಲಸವನ್ನು ಕೈಗೇ ಬಿಡಬೇಕು: ಎರಡು ಬಕೆಟ್, 100 ಗ್ರಾಂ ಮೈಲುತುತ್ತು, 100 ಗ್ರಾಂ ಸುಣ್ಣ, 10 ಲೀಟರ್ ನೀರು, ಒಂದು ಚೂರಿ ಇದ್ದರೆ ದ್ರಾವಣದ ಪಾಠ ಅಂಗಳದಲ್ಲೇ ಮುಗಿಯುತ್ತದೆ. ಪರದೆ ಬೇಡವಾದಾಗ ಕೀಲಿಮಣೆಯ ‘ಬಿ’ ಒತ್ತಿದರೆ ಪವರ್‌ಪಾಯಿಂಟಿನ ಪರದೆ ಕಪ್ಪಾಗುತ್ತದೆ, ಮತ್ತೆ ಒತ್ತಿದರೆ ಮರಳುತ್ತದೆ. ಕಣ್ಣುಗಳು ಮಾತನಾಡುವವರ ಕಡೆ ತಿರುಗುತ್ತವೆ.

ಅಹವಾಲು ಸಭೆಯ ಸ್ಲೈಡುಗಳು

ಬಂದರು, ಗಣಿ, ಅಣೆಕಟ್ಟಿನಂಥ ದೊಡ್ಡ ಯೋಜನೆಗಳಿಗೆ ಪರಿಸರ ಅನುಮತಿ ಕೊಡುವ ಮೊದಲು ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಭೆ ಶುರುವಾಗುವುದೇ ಯೋಜನೆಯವರ ಪ್ರಾತ್ಯಕ್ಷಿಕೆಯಿಂದ, ಅಂದರೆ ಈಗಿನ ರೂಢಿಯಲ್ಲಿ ಸ್ಲೈಡುಗಳಿಂದ. ಇಲ್ಲಿ ಕೂತವರು ಗಮನಿಸಬೇಕಾದದ್ದು ಸ್ಲೈಡ್ ಬಿಟ್ಟದ್ದನ್ನು. ಗ್ರಾಫಿನ ಗೆರೆ ಸೊನ್ನೆಯಿಂದ ಶುರುವಾಗಿದೆಯೇ? ‘ಸರಾಸರಿ’ ಎಂದರೆ ಎಷ್ಟು ದಿನದ ಸರಾಸರಿ? ಅಲೆ, ಗಾಳಿ, ಹೊಳೆನೀರಿನ ಅಳತೆ ಯಾವ ತಿಂಗಳಿನದು? ನಮ್ಮ ಕಡಲಿನ ಜನವರಿ ಬೇರೆ, ಜುಲೈ ಬೇರೆ. ‘ಪರಿಣಾಮ ಅತ್ಯಲ್ಪ’ ಎಂಬಲ್ಲಿ ಯಾರ ಮೇಲೆ, ಎಷ್ಟು ದೂರದವರೆಗೆ, ಯಾವ ಷರತ್ತಿನಲ್ಲಿ ಎಂಬ ಕ್ರಿಯಾಪದದ ಬಾಲ ಎಲ್ಲಿ ಹೋಯಿತು?

ಉತ್ತರ ಇರುವುದು ಯೋಜನೆಯ ಪರಿಸರ ಪರಿಣಾಮ ವರದಿಯಲ್ಲಿ. ಸಭೆಗೆ ಕನಿಷ್ಠ 30 ದಿನ ಮೊದಲು ನೋಟಿಸ್ ಬರಬೇಕು. ಕರಡು ವರದಿ ಮತ್ತು ಅದರ ಕನ್ನಡ ಸಾರಾಂಶ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯತ್, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ನೋಡಲು ಸಿಗಬೇಕು. ಹಾಜರಿದ್ದ ಪ್ರತಿಯೊಬ್ಬರಿಗೂ ಯೋಜನೆಯವರಿಂದ ವಿವರಣೆ ಕೇಳುವ ಅವಕಾಶವಿದೆ. ಕೇಳುವಾಗ ‘ಆ ಹಸಿರು ಬಣ್ಣದ ಸ್ಲೈಡು’ ಎನ್ನದೆ ವರದಿಯ ಪುಟಸಂಖ್ಯೆ, ಕೋಷ್ಟಕದ ಸಂಖ್ಯೆ ಹೇಳಿದರೆ ನಡಾವಳಿಯಲ್ಲಿ ಅದು ಹಾಗೆಯೇ ದಾಖಲಾಗುತ್ತದೆ. ಸಭೆಯ ಕೊನೆಗೆ ಆ ನಡಾವಳಿಯ ಸಾರವನ್ನು ಕನ್ನಡದಲ್ಲಿ ಓದಿ ಹೇಳಬೇಕೆಂಬ ನಿಯಮವಿದೆ. ಅಲ್ಲಿಯವರೆಗೆ ಕೂತು, ನಿಮ್ಮ ಪುಟಸಂಖ್ಯೆ ಅದರಲ್ಲಿ ಬಂತೇ ಎಂದು ಕೇಳಿಸಿಕೊಂಡೇ ಏಳಿ.